ವಿಮಾನಕ್ಕೆ ಹೊಯ್ದ ಬೆರಕೆ ಪೆಟ್ರೋಲು

ಯುದ್ಧದ ಕಾಲದಲ್ಲಿ ನಾನು ಜಗಳೂರಿನ ಒಬ್ಬ ಬಸ್ ಸಾಹುಕಾರರ ಶೆಡ್ಡಿನಲ್ಲಿ ಮೇಸ್ತ್ರಿಯಾಗಿದ್ದೆ. ನನ್ನ ಸ್ವಂತ ಊರು ಚನ್ನಗಿರಿ. ಪೆಟ್ರೋಲಿಗೆ ರೇಷನ್ನು. ಬಸ್ಸು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿತ್ತು, ಶುರು ಮಾಡುವುದಕ್ಕೆ, ದಿಬ್ಬ ಹತ್ತಿಸುವುದಕ್ಕೆ ಮಾತ್ರ ಪೆಟ್ರೋಲು. ಅದಕ್ಕೂ ಕಾನೂನಿನ ಕಣ್ಣು ತಪ್ಪಿಸಿ ಸೀಮೆಎಣ್ಣೆ ಬೆರೆಸುತ್ತಿದ್ದೆವು. ಡಬ್ಬ ಬಂದ ಕೂಡಲೇ ಬೆರೆಸಿಡುವುದು ನನಗೆ ಮುಖ ತೊಳೆದಷ್ಟೇ ಸಹಜವಾಗಿಬಿಟ್ಟಿತ್ತು.

ಒಂದು ಬೆಳಿಗ್ಗೆ ಊರಾಚೆಯ ಬಯಲಿನಲ್ಲಿ ಸಣ್ಣ ವಿಮಾನವೊಂದು ಇಳಿಯಿತು. ದಾರಿ ತಪ್ಪಿ ಅಲೆದು ಪೆಟ್ರೋಲು ಮುಗಿದಿತ್ತು. ಪೈಲಟ್ ಉತ್ತರದ ಕಡೆಯವನು. ನಮ್ಮದು ಉರ್ದು ಮನೆಯಾದ್ದರಿಂದ ಅವನ ಹಿಂದೂಸ್ತಾನಿ ಅರ್ಥವಾದದ್ದು ನನಗೊಬ್ಬನಿಗೇ. ಈ ಸಣ್ಣ ಎಂಜಿನ್ನಿಗೆ ಬಸ್ಸಿನ ಪೆಟ್ರೋಲೂ ನಡೆಯುತ್ತದೆ ಎಂದ. ಸುದ್ದಿ ತಿಳಿದು ಬಂದಿದ್ದ ತಾಲ್ಲೂಕಿನ ಅಮಲ್ದಾರರ ಎದುರಿಗೇ ಸಾಹುಕಾರರು ಎರಡು ಡಬ್ಬ ತರಿಸಿದರು. ನಾನೇ ಬಟ್ಟೆಯಲ್ಲಿ ಸೋಸಿ ಹೊಯ್ದೆ. ವಿಮಾನಕ್ಕೇ ಪೆಟ್ರೋಲು ಕೊಡುವ ಜಂಬದಲ್ಲಿ ಸಾಹುಕಾರರಿಗೂ ನನಗೂ ಬೆರಕೆಯ ನೆನಪೇ ಆಗಲಿಲ್ಲ.

ಹೊಯ್ದು ಮುಗಿಸುವಾಗ ಪೈಲಟ್ ದೊಡ್ಡ ವಿಮಾನಗಳ ಮಾತು ತೆಗೆದ. ಮೊದಲೆಲ್ಲ ಅಲ್ಲಲ್ಲಿ ಇಳಿದಿಳಿದು ಹೋಗಬೇಕಿತ್ತಂತೆ. ಈಗ ಪೆಟ್ರೋಲು ಸುಧಾರಿಸಿದೆ, ಅದನ್ನು ಇನ್ನಷ್ಟು ಒತ್ತಿ ಉರಿಸುವ ಎಂಜಿನ್ನುಗಳು ಬಂದಿವೆ, ಎಲ್ಲೂ ಇಳಿಯದೆ ಸಮುದ್ರವನ್ನೇ ದಾಟುತ್ತಾರೆ ಎಂದ. ಕೀಳು ಪೆಟ್ರೋಲಾದರೆ ಮಾತ್ರ ಒಳಗೇ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಎಂಜಿನ್ನು ಬಡಿದುಕೊಳ್ಳುತ್ತದಂತೆ. ಆ ಬಡಿತ ನನಗೆ ಗೊತ್ತಿತ್ತು. ದಿಬ್ಬದಲ್ಲಿ ನಮ್ಮ ಬಸ್ಸು ಹಾಗೆ ಬಡಿದುಕೊಂಡು ನಿಂತರೆ ಜನ ಇಳಿದು ತಳ್ಳುತ್ತಿದ್ದರು. ಆಕಾಶದಲ್ಲಿ ತಳ್ಳುವವರು ಯಾರು?

ನಾನು ಹೊಯ್ದದ್ದೂ ಬೆರಕೆಯದೇ ಎಂಬುದು ಆಗ ನೆನಪಾಯಿತು. ಹೇಳಿದರೆ ಸಾಹುಕಾರರಿಗೂ ನನಗೂ ಜೈಲು. ಹೇಳದಿದ್ದರೆ ಅವನ ಜೀವ. ಅವನು ಆಗಲೇ ಹತ್ತಿ ಕೂತಿದ್ದ. ಓಡಿಹೋಗಿ ಅಡ್ಡ ನಿಂತು, ಇಳಿಯಿರಿ ಎಂದು ಉರ್ದುವಿನಲ್ಲಿ ಕೂಗಿದೆ. ಆಮೇಲೆ ಸಾಹುಕಾರರ ಕಡೆ ತಿರುಗಿದೆ.

“ಅದ್ರಾಗೆ ಸೀಮೆಎಣ್ಣೆ ಐತ್ರಿ. ನಾನೇ ಬೆರೆಸಿದ್ದು.”

ಸಾಹುಕಾರರ ಮುಖ ಬಿಳಿಚಿಕೊಂಡಿತು. ಆ ಮನುಷ್ಯ ಮಹಾ ಜಿಪುಣ, ಪುಕ್ಕಲ ಬೇರೆ. ಎಲ್ಲವನ್ನೂ ನನ್ನ ತಲೆಗೆ ಕಟ್ಟಿ ಜಾರಿಕೊಳ್ಳುತ್ತಾರೆ ಅಂದುಕೊಂಡೆ. ಅವರು ನೆಟ್ಟಗೆ ಅಮಲ್ದಾರರ ಮುಂದೆ ಹೋಗಿ ನಿಂತರು.

“ಬೆರೆಸಾಕೆ ಹೇಳಿದ್ದು ನಾನು ಸ್ವಾಮಿ. ಮೇಸ್ತ್ರಿನ್ನ ಬಿಡ್ರಿ, ಮೊದ್ಲು ಅದನ್ನ ಖಾಲಿ ಮಾಡಿಸ್ರಿ.”

ಅಮಲ್ದಾರರು ಇಬ್ಬರಿಗೂ ಸರಿಯಾಗಿ ಮಂಗಳಾರತಿ ಎತ್ತಿದರು. ಕೇಸಿನ ಮಾತು ಆಡಲಿಲ್ಲ. ತಮ್ಮ ಮೋಟಾರಿಗಿಟ್ಟಿದ್ದ ಪೆಟ್ರೋಲನ್ನೇ ತರಿಸಿಕೊಟ್ಟರು. ನಾನು ಟ್ಯಾಂಕು ಬಸಿದು ಮತ್ತೆ ತುಂಬಿದೆ.

ವಿಮಾನ ಎದ್ದಿತು. ಎಂಜಿನ್ನಿಗೆ ಕಿವಿಗೊಟ್ಟೆ. ಸದ್ದು ಪೂರ್ತಿ ಅಡಗುವವರೆಗೆ ಎಲ್ಲೂ ಬಡಿಯಲಿಲ್ಲ. ಅಬ್ಬಾ, ಎಂಥ ನೆಮ್ಮದಿ ಅದು! ಆಗ ನೋಡಿದರೆ ಸಾಹುಕಾರರು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಯಾವಾಗ ಹಿಡಿದರೋ ಅವರಿಗೂ ತಿಳಿದಂತಿರಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ.