ನಲವತ್ತನೇ ಬಾಟ್ಲಿ

ನಮ್ಮಣ್ಣನ್ನ ಹೊಗಳೋಕೆ ಊರೆಲ್ಲ ಇದೆ, ಆ ಸಾಲಲ್ಲಿ ನಾನ್ಯಾಕೆ ನಿಲ್ಲಲಿ? ಆ ಪುಣ್ಯಾತ್ಮನ ಜೊತೆ ಮೂವತ್ತು ವರ್ಷ ಏಗಿದವಳು ನಾನು.

ಮೊದಲು ಅವನದು ಮಹಡಿ ಮೆಟ್ಟಿಲ ಕೆಳಗಿನ ಒಂದು ಔಷಧಿ ಅಂಗಡಿ. ಹಿಂದಿನ ಕೋಣೇಲಿ ಮಕ್ಕಳ ಕೆಮ್ಮಿನ ಸಿರಪ್ಪು ತಾನೇ ಕಲಸ್ತಿದ್ದ. ಲೇಬಲ್ ಅಂಟಿಸೋದು ನಾನು. ಸ್ವಲ್ಪ ಸೊಟ್ಟಗಾದರೂ ಕಿತ್ತು ಇನ್ನೊಮ್ಮೆ ಅಂಟಿಸು ಅನ್ನೋನು. ಅದೇ ಸಿರಪ್ಪು ಹದಿನೈದು ವರ್ಷದಲ್ಲಿ ಕಾರ್ಖಾನೆಯಾಗಿ ಇನ್ನೂರು ಜನರ ಹೊಟ್ಟೆ ಹೊರೆಯಿತು. ಹಳೇ ಅಂಗಡೀನ ಮಾತ್ರ ಅವನು ಮುಚ್ಚಲಿಲ್ಲ. ಕೈಲಾಗದವರಿಗೆ ಅಲ್ಲಿ ಔಷಧಿ ಪುಕ್ಕಟೆ, ಕೊಡೋಳು ನಾನು. ಯಾರ ಹೆಸರೂ ಬರ್ಕೋಬಾರದು ಅಂತ ಕಟ್ಟಪ್ಪಣೆ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದಂತೆ. ದೊಡ್ಡ ಮನುಷ್ಯ!

ಒಂದು ಬೆಳಿಗ್ಗೆ ಅಂಗಡಿಗೆ ಬಂದವನ ಮುಖದಲ್ಲಿ ರಕ್ತವೇ ಇರಲಿಲ್ಲ. ಸಿರಪ್ಪಿಗೆ ಹಾಕೋ ಸಿಹಿ ದ್ರವದ ಒಂದು ಡ್ರಮ್ಮನ್ನ, ಹಳೇ ವ್ಯಾಪಾರಿ ಕಳಿಸಿದ್ದು ತಾನೇ ಅಂತ ಪರೀಕ್ಷೆ ಮಾಡಿಸದೇ ಬಳಸಿಬಿಟ್ಟಿದ್ದ. ಉಳಿದದ್ದನ್ನ ಆಮೇಲೆ ಪರೀಕ್ಷೆ ಮಾಡಿಸಿದರೆ ಅದರಲ್ಲಿ ವಿಷ, ಎಳೇ ಮಕ್ಕಳ ಜೀವ ತೆಗೆಯುವಂಥದ್ದು. ಮಾರೋ ಬಾಟ್ಲಿಗಳು ಇನ್ನೂ ಗೋದಾಮಲ್ಲೇ ಇದ್ದವು. ಹೊರಗೆ ಹೋಗಿದ್ದು ಹಿಂದಿನ ಸಂಜೆ ನಾನು ಹಂಚಿದ ನಲವತ್ತು ಮಾತ್ರ. ಹೆಸರಿಲ್ಲ, ವಿಳಾಸವಿಲ್ಲ.

ಮುಖ ನೆನಪು ಮಾಡ್ಕೊಂಡು ಗಲ್ಲಿ ಗಲ್ಲಿ ಅಲೆದೆವು. ಲೇಬಲ್ ತಪ್ಪಾಗಿದೆ ಅನ್ನೋಣ ಅಂದವಳೂ ನಾನೇ. ವಿಷ ಅಂತ ಬಾಯಿಬಿಟ್ಟರೆ ಕಾರ್ಖಾನೆಗೆ ಬೀಗ ಬೀಳುತ್ತಲ್ಲ! ಒಂದು ಚಮಚ ಕುಡಿದಿದ್ದ ಇಬ್ಬರು ಮಕ್ಕಳನ್ನ ಏನೋ ನೆಪ ಹೇಳಿ ಡಾಕ್ಟರಿಗೆ ತೋರಿಸಿದೆವು, ಅಪಾಯವಿಲ್ಲ ಅಂದರು. ಮಧ್ಯಾಹ್ನದ ಹೊತ್ತಿಗೆ ಮೂವತ್ತೊಂಬತ್ತು ಸಿಕ್ಕವು.

ನಲವತ್ತನೇದು ಇಸ್ತ್ರಿ ಹಾಕೋ ಹೆಂಗಸಿನ ಮನೇಲಿ. ಬಿದ್ದು ಒಡೆದುಹೋಯ್ತು ಅಂದಳು. ಕೊಟ್ಟದ್ದನ್ನ ಕಿತ್ಕೊಂಡು ಕಾಸು ಕೊಡೋರಿಗೆ ಮಾರ್ತಾರೆ ಅಂತ ಅವಳ ಗುಮಾನಿ. ಒಳಗೆ ಮಗು ಕೆಮ್ಮುತ್ತಿತ್ತು. ಇಸ್ತ್ರಿ ಮೇಜಿನ ಮೇಲೆ ತೊಳೆದಿಟ್ಟ ಚಮಚ ಕಂಡಿತು. ಅಕ್ಕಪಕ್ಕದವರು ಬಂದು ಸೇರಿದ್ದರು. ಅಣ್ಣ ಬಾಯಿ ತೆಗೆಯೋದು ಕಂಡು ತೋಳು ಜಗ್ಗಿದೆ, ಕೊಡವಿಕೊಂಡ.

"ತಾಯೀ, ಲೇಬಲ್ ಅಂದಿದ್ದು ಸುಳ್ಳು. ಅದರಲ್ಲಿ ವಿಷ ಇದೆ. ತಪ್ಪು ಮಾಡಿದ್ದು ನಾನೇ."

ಅವಳು ಅವನನ್ನೇ ನೋಡಿದಳು. ಒಳಗೆ ಹೋಗಿ ಬಟ್ಟೆ ಗಂಟಿನಿಂದ ಬಾಟ್ಲಿ ತಂದಳು. ಸೀಲು ಒಡೆದಿರಲಿಲ್ಲ. ಬಾಟ್ಲೀನ ನಾನೇ ಇಸ್ಕೊಂಡೆ. ಬೈತಾಳೆ, ಶಾಪ ಹಾಕ್ತಾಳೆ ಅಂತ ಕಾದೆವು.

"ಮಗು ಇನ್ನೂ ಕೆಮ್ತಾನೇ ಇದೆ. ಒಳ್ಳೇದು ಯಾವಾಗ ಕೊಡ್ತೀರಿ?" ಅಂದಳು.

ಅಣ್ಣ ಹೊಸ್ತಿಲಲ್ಲೇ ಕೂತು ಅತ್ತುಬಿಟ್ಟ.

ಸಂಜೆಯೊಳಗೆ ಸುದ್ದಿ ಎಲ್ಲ ಕಡೆ ಹಬ್ಬಿತು. ಕಾರ್ಖಾನೆ ಎಂಟು ತಿಂಗಳು ಮುಚ್ಚಿತ್ತು. ಅವತ್ತೇ ಬೇರೆ ಕಂಪನಿಯ ಸಿರಪ್ಪು ಕೊಂಡು ಅವಳಿಗೆ ಕೊಟ್ಟು ಬಂದೆವು. ಕೊಡುವಾಗ ಅವಳ ಹೆಸರು ಕೇಳಿ ಬರ್ಕೊಂಡೆ. ಅಣ್ಣ ಬೇಡ ಅನ್ನಲಿಲ್ಲ.