ವಿಶಲ್ ಕೇಳಿ ನಿಂತವನು

ಹೇರೋಹಳ್ಳಿ ಕಡೆಯ ನಮ್ಮ ಮೈದಾನದಲ್ಲಿ ಭಾನುವಾರ ಬೆಳಿಗ್ಗೆ ಎರಡು ಫುಟ್‌ಬಾಲ್ ಪಂದ್ಯ, ನಾಲ್ಕು ಕ್ರಿಕೆಟ್ ಪಂದ್ಯ ಒಟ್ಟಿಗೇ ನಡೆಯುತ್ತವೆ. ಯಾವ ರೆಫರಿ ಯಾರಿಗೆ ವಿಶಲ್ ಊದಿದ ಎಂದು ನೋಡುತ್ತ ನಿಂತರೆ ಆಟ ಆಡಿದ ಹಾಗೇ. ಅದಕ್ಕೇ ನಮ್ಮ ಕ್ಲಬ್ಬಿನಲ್ಲಿ ಒಂದು ಪದ್ಧತಿ: ವಿಶಲನ್ನು ಕಿವಿಗೆ ಹಾಕಿಕೊಳ್ಳಬಾರದು, ನಮ್ಮ ಗೋಲ್‌ಕೀಪರ್ ‘ನಿಲ್ಸ್ರೋ’ ಎಂದು ಕೂಗುವ ತನಕ ಓಡುತ್ತಿರಬೇಕು.

ಹೀಗೆ ಬೆಳೆದ ನಾವು, ದೇಶದ ಕೆಳ ಡಿವಿಷನ್ ಕ್ಲಬ್ಬುಗಳಿಗಾಗಿಯೇ ನಡೆಯುವ ಕಪ್ಪಿನಲ್ಲಿ ಅದು ಹೇಗೋ ಎರಡು ಸುತ್ತು ಗೆದ್ದುಬಿಟ್ಟೆವು. ಮೂರನೆಯದನ್ನೂ ಗೆದ್ದರೆ ಮುಂದಿನ ಪಂದ್ಯಕ್ಕೆ ರೈಲು ಹತ್ತಿ ಕೋಲ್ಕತ್ತಕ್ಕೆ ಹೋಗುವುದು. ನನಗೆ ಮೂವತ್ತಾರು ವರ್ಷ, ನನ್ನ ಮಂಡಿಗೆ ಅದಕ್ಕಿಂತ ಜಾಸ್ತಿ. ವಿಜಯನಗರದ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲಸ. ಹದಿನಾಲ್ಕು ವರ್ಷ ಆಡಿದರೂ ತಂಡದ ಜೊತೆ ರಾಜ್ಯದ ಗಡಿ ದಾಟಿದವನಲ್ಲ. ಇದೇ ಕೊನೆಯ ಸೀಸನ್ ಎಂದು ಹೆಂಡತಿಗೆ ಮಾತು ಕೊಟ್ಟಾಗಿತ್ತು. ಆ ರೈಲು ನನಗೆ ಬೇಕೇ ಬೇಕಿತ್ತು.

ಪಂದ್ಯ ನಡೆದದ್ದು ಬಾಡಿಗೆಗೆ ಹಿಡಿದ ಕಾಲೇಜು ಮೈದಾನದಲ್ಲಿ. ಮೊದಲರ್ಧದಲ್ಲೇ ಎಡವಟ್ಟು. ರೆಫರಿ ಊದಿದ ಮೇಲೂ ಚೆಂಡು ಒದ್ದು ನಮ್ಮವರಿಬ್ಬರು ಹಳದಿ ಕಾರ್ಡ್ ತಿಂದರು. ವಿರಾಮದಲ್ಲಿ ಕೋಚ್ ಎಲ್ಲರ ಚಳಿ ಬಿಡಿಸಿದರು. ಪಿ.ಟಿ. ಮೇಷ್ಟ್ರಾಗಿ ನಿವೃತ್ತರಾದವರು, ಅವರ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವುದು ನನಗೆ ಮಾಮೂಲು. ಅವತ್ತು ಮಾತ್ರ, ವಿಶಲ್ ಕೇಳಿದ ಕೂಡಲೇ ನಿಲ್ಲಬೇಕು ಎಂದದ್ದನ್ನು ತಲೆಗೆ ಹಾಕಿಕೊಂಡೆ.

ಒಂದೊಂದು ಗೋಲು ಸಮವಾಗಿತ್ತು. ಕೊನೆಯ ನಿಮಿಷಗಳಲ್ಲಿ ಎದುರಾಳಿ ಫಾರ್ವರ್ಡ್ ಚೆಂಡಿನೊಂದಿಗೆ ನನ್ನತ್ತ ನುಗ್ಗಿದ. ವಿಶಲ್ ಕೇಳಿಸಿತು. ನಾನು ನಿಂತೆ, ಅವನು ನಿಲ್ಲಲಿಲ್ಲ. ಗೋಲು. ಊದಿದ್ದು ನಮ್ಮ ಗೋಲಿನ ಹಿಂದಿನ ಗೇಟಿನಲ್ಲಿ ಯಾರದೋ ಕಾರು ರಿವರ್ಸ್ ತೆಗೆಸುತ್ತಿದ್ದ ಸೆಕ್ಯುರಿಟಿಯವನು. ತಮಗೇನೂ ಕೇಳಿಸಲಿಲ್ಲ ಎಂದು ರೆಫರಿ ಕೈಯಾಡಿಸಿಬಿಟ್ಟರು.

ಸೋತು ಬಂದು ಬೆಂಚಿನ ಮೇಲೆ ಕೂತಾಗ ಮೈಯೆಲ್ಲ ಉರಿಯುತ್ತಿತ್ತು. ಸೆಕ್ಯುರಿಟಿಯವನಿಗಿಂತ, ರೆಫರಿಗಿಂತ, ಕೋಚ್ ಮೇಲೇ ಹೆಚ್ಚು ಸಿಟ್ಟು. ನಿಮ್ಮ ಮಾತು ಕೇಳಿದ್ದಕ್ಕೇ ನನ್ನ ರೈಲು ತಪ್ಪಿತು ಎಂದು ಮುಖಕ್ಕೆ ಹೇಳಿಬಿಟ್ಟೆ. ಅವರು ಪಕ್ಕದಲ್ಲಿ ಕೂತು ನನ್ನ ಮಂಡಿಗೆ ಐಸ್ ಒತ್ತತೊಡಗಿದರು.

“ನಿಲ್ಲು ಅಂದಿದ್ದು ನಾನು ಕಣೋ. ತಪ್ಪು ನಂದೇ,” ಎಂದರು. ಐಸನ್ನು ಮಂಡಿಯ ಇನ್ನೊಂದು ಬದಿಗೆ ಸರಿಸಿ, “ಮೂವತ್ತು ವರ್ಷದಿಂದ ಟೀಮ್ ಕಟ್ತಾ ಇದೀನಿ. ಟೀಮ್ ಕರ್ಕೊಂಡು ಬಂಗಾರಪೇಟೆ ದಾಟಿ ರಾಜ್ಯದ ಆಚೆ ಹೋಗಿಲ್ಲ ನಾನೂ,” ಎಂದರು.

ನನಗೆ ತುಂಬ ನಾಚಿಕೆಯಾಯಿತು. ಇಷ್ಟು ವರ್ಷದಲ್ಲಿ ಅವರಿಗೂ ಏನಾದರೂ ಬೇಕಿರಬಹುದು ಎಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ.