ಅಪ್ಪನ ಜೀಪು, ಅವ್ವನ ಪಂಚಮಿ

ಬೆಸುಗೆ ಹಾಕುವಾಗ ಸುಡುವ ರಾಳದ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ಕಾದ ಕಡ್ಡಿಯ ತುದಿ ತಾಗಿದ ಕೂಡಲೇ ರಾಳ ಚುರ್ ಎಂದು ಕರಗಿ ತೆಳ್ಳಗೆ ಬಿಳಿ ಹೊಗೆ ಬಿಡುತ್ತದೆ. ಆ ಹೊಗೆಯಲ್ಲಿ ಅರ್ಧ ದೇವರಮನೆಯ ಧೂಪ, ಇನ್ನರ್ಧ ಸುಟ್ಟ ಮೋಟಾರು. ನಾನು ಮರಾಠಿ ಸೀಮೆಯ ಭೋಸರಿಯ ಕಾರ್ಖಾನೆಯೊಂದರಲ್ಲಿ ಇಡೀ ದಿನ ತಂತಿಗಳ ನಡುವೆಯೇ ಇರುವವಳು. ಆದರೆ ಅಲ್ಲಿ ಈಗ ತಂತಿಯ ತುದಿಗಳನ್ನು ಯಂತ್ರವೇ ಒತ್ತಿ ಕೂಡಿಸುತ್ತದೆ, ಹೊಗೆಯಿಲ್ಲ, ವಾಸನೆಯಿಲ್ಲ. ಹಾಗಾಗಿ ಈ ವರ್ಷ ಬೇಸಿಗೆಯ ಒಂದು ಭಾನುವಾರ, ನಿಗಡಿಯ ನಮ್ಮ ಮನೆಯ ಗ್ಯಾರೇಜಿನಲ್ಲಿ ಅಪ್ಪನ ಹಳೆಯ ಜೀಪಿನ ಬಾನೆಟ್ ಎತ್ತಿ ಮೊದಲ ಬೆಸುಗೆ ಹಾಕಿದಾಗ ಆ ಹೊಗೆ ನೇರ ಗಂಟಲಿಗೇ ಇಳಿಯಿತು. ಒಳಗೆ ಕಾಯಿಪಲ್ಲೆ ಹೆಚ್ಚುತ್ತಿದ್ದ ಅವ್ವ ಕೆಮ್ಮಿದಳು. "ಸುರೂ ಆತು," ಎಂದಳು. ನನ್ನ ಬಾಲ್ಯದುದ್ದಕ್ಕೂ ಪ್ರತಿ ರಜೆಯ ಬೆಳಿಗ್ಗೆ ಆ ವಾಸನೆ ಬಂದ ಕೂಡಲೇ ಅವಳು ಅದೇ ಧಾಟಿಯಲ್ಲಿ ಅದನ್ನೇ ಅನ್ನುತ್ತಿದ್ದಳು.

ಅಪ್ಪ ದೇಹೂ ರೋಡಿನ ಲಷ್ಕರಿ ವರ್ಕ್‌ಶಾಪಿನಲ್ಲಿ ವಾಹನಗಳ ಎಲೆಕ್ಟ್ರಿಶಿಯನ್ ಆಗಿದ್ದರು. ಸೈನ್ಯ ಬೇಡವೆಂದು ಹರಾಜಿಗೆ ಹಾಕಿದ ಜೀಪೊಂದನ್ನು ಅವರು ತಂದಾಗ ನಾನಿನ್ನೂ ತೊದಲುತ್ತಿದ್ದೆನಂತೆ. ಗಾಡಿ ಬಂದದ್ದು ಲಾರಿಯ ಮೇಲೆ. ಚಕ್ರ ಬೇರೆ, ಬಾಗಿಲು ಬೇರೆ, ಸೀಟಿನ ಜಾಗದಲ್ಲಿ ಬರೀ ಸ್ಪ್ರಿಂಗು. ನಮ್ಮ ಮನೆ ಸಾಲುಮನೆಗಳಲ್ಲಿ ಕೊನೆಯದು. ಮುಂಬಾಗಿಲಿಗೂ ಬೀದಿಗೂ ನಡುವೆ ಇದ್ದ ಅಂಗಳದ ಮೇಲೆ ಅಪ್ಪ ತಗಡು ಹೊದಿಸಿ ಅದನ್ನು ಗ್ಯಾರೇಜು ಮಾಡಿದರು. ಅಂಗಳ ಹೋಯಿತು, ಅದರ ಜೊತೆ ಬೆಳಕೂ ಹೋಯಿತು. ಹಗಲಲ್ಲೂ ಪಡಸಾಲೆಯಲ್ಲಿ ದೀಪ ಹಚ್ಚಬೇಕಾಗುತ್ತಿತ್ತು. ಮನೆಯಿಂದ ಹೊರಗೆ ಹೋಗಲು ಬೇರೆ ದಾರಿ ಇರಲಿಲ್ಲ, ಜೀಪಿನ ಮಡ್ಗಾರ್ಡಿಗೂ ಗೋಡೆಗೂ ನಡುವೆ ಮೈ ಅಡ್ಡ ಮಾಡಿಕೊಂಡು ನುಸುಳಬೇಕು. ಅವ್ವನ ಎಲ್ಲ ಸೀರೆಗಳಿಗೂ ಮೊಣಕಾಲಿನ ಹತ್ತಿರ ಗ್ರೀಸಿನ ಕಲೆ ಇತ್ತು. ನೆರೆಯ ಮರಾಠಿ ಹೆಂಗಸರು ಸಂಜೆ ಹರಟೆಗೆ ಬರುತ್ತಿದ್ದವರು ಒಬ್ಬೊಬ್ಬರಾಗಿ ಬಿಟ್ಟರು. ಯಾರು ತಾನೇ ಕೈಯಾರೆ ಸೀರೆ ಹಾಳು ಮಾಡಿಕೊಳ್ಳುತ್ತಾರೆ?

ಈ ಜೀಪು ಅಪ್ಪನ ಹವ್ಯಾಸ ಎಂದು ಬೀದಿಯವರು ತಿಳಿದಿದ್ದರು. ಅದು ಹವ್ಯಾಸವಲ್ಲ, ಹಟ. ನಮ್ಮ ಕಡೆ ನಾಗರಪಂಚಮಿಗೆ ಮದುವೆಯಾದ ಹೆಣ್ಣುಮಗಳು ತವರಿಗೆ ಹೋಗಲೇಬೇಕು. ಅಣ್ಣನೋ ತಮ್ಮನೋ ಬಂದು ಕರೆದೊಯ್ಯುತ್ತಾನೆ. ಉಂಡಿ ಕಟ್ಟಬೇಕು, ಜೋಕಾಲಿ ಜೀಕಬೇಕು. ಅವ್ವನ ತವರು ಧಾರವಾಡ. ನಾನು ಹುಟ್ಟಿದ ಮರುವರ್ಷದ ಪಂಚಮಿಗೆ ಅಪ್ಪನೂ ಜೊತೆಗೆ ಹೋಗಿದ್ದರು. ಬಸ್ಸು ಎಲ್ಲೋ ಕೆಟ್ಟು ನಿಂತು, ಹಬ್ಬದೂಟ ಮುಗಿದ ಮೇಲೆ ಮನೆ ಮುಟ್ಟಿದರು. ಅವ್ವನ ತಮ್ಮ, ನನ್ನ ಮಾಮಾ, ಕೈಗೆ ನೀರು ಹಾಕುತ್ತ ನಕ್ಕ. "ನಮ್ಮ ಭಾವ ದಿನಾ ಮಿಲಿಟರಿ ಗಾಡಿ ರಿಪೇರಿ ಮಾಡ್ತಾರ. ಅತ್ತಿಮನಿಗೆ ಬರಲಿಕ್ಕೆ ಮಾತ್ರ ಕೆಂಪ್ ಬಸ್ಸ ನೋಡ್ರಿ!" ಅಳಿಯನನ್ನು ಚೇಷ್ಟೆ ಮಾಡದಿದ್ದರೆ ಅದೆಂಥ ಹಬ್ಬ? ಎಲ್ಲರೂ ನಕ್ಕರು. ಅವ್ವನೂ ನಕ್ಕಳಂತೆ. ಬಹುಶಃ ಅದೇ ಹೆಚ್ಚು ನಾಟಿತು. ಅಪ್ಪ ಕೈಯಲ್ಲಿದ್ದ ಶೇಂಗಾ ಉಂಡಿಯನ್ನು ತಾಟಿಗೆ ಇಟ್ಟು ಎದ್ದರು. "ಇನ್ನ ಈ ಮನಿಗೆ ಬಂದ್ರ ನನ್ನ ಸ್ವಂತ ಗಾಡ್ಯಾಗ ಬರ್ತೀನಿ. ಅಲ್ಲೀತನಕಾ ನಾನೂ ಬರಂಗಿಲ್ಲ, ಇಕೀನೂ ಬರಂಗಿಲ್ಲ," ಎಂದರು. ತಮಾಷೆಗೆ ಅಂದದ್ದಕ್ಕೆ ಇವರು ಆಣೆ ಇಟ್ಟುಬಿಟ್ಟರು, ಮತ್ತು ಆ ಆಣೆಯೊಳಗೆ ಅವ್ವನನ್ನೂ ಸೇರಿಸಿದರು, ಅವಳನ್ನು ಕೇಳದೆ.

ಎಂಜಿನ್ನನ್ನು ಅಪ್ಪನ ಗೆಳೆಯರೊಬ್ಬರು ಬೇಗನೇ ಸರಿಮಾಡಿಕೊಟ್ಟರು. ಉಳಿದದ್ದು ವೈರಿಂಗು, ಅದು ಅಪ್ಪನದೇ ವಿದ್ಯೆ. ಬರುವ ಪಂಚಮಿಗೆ ಗಾಡಿ ಧಾರವಾಡ ಮುಟ್ಟೀತೆಂದೇ ಎಲ್ಲರೂ ತಿಳಿದಿದ್ದರು. ಅವ್ವ ಆ ಶ್ರಾವಣಕ್ಕೆ ಶೇಂಗಾ ಹುರಿದು, ಎಳ್ಳು ಹುರಿದು ಡಬ್ಬಿ ತುಂಬಿ ಕೂತಳು. ಪಂಚಮಿ ಬಂತು, ಮಾಮಾ ಬಂದ, ಜೀಪು ಮಾತ್ರ ಇದ್ದಲ್ಲೇ ಕೂತಿತ್ತು. ದೀಪ ಒಮ್ಮೆ ಹತ್ತಿದರೆ ಮರುಗಳಿಗೆಗೆ ಮಿಣುಕಿ ಆರುತ್ತಿತ್ತು. ಸೆಲ್ಫ್ ಒಮ್ಮೆ ಗರಗರ ತಿರುಗಿದರೆ ಇನ್ನೊಮ್ಮೆ ಟಕ್ ಎಂದು ಸುಮ್ಮನಾಗುತ್ತಿತ್ತು. "ಇನ್ನೊಂದ್ ಜರಾ ಉಳದದ," ಎಂದರು ಅಪ್ಪ. ಮಾಮಾ ಚಹಾ ಕುಡಿದು, ಅಕ್ಕನ ಮುಖ ನೋಡಿ, ಅಜ್ಜಿ ಕಳಿಸಿದ್ದ ಖಣವನ್ನು ಅವಳ ಕೈಗೆ ಕೊಟ್ಟು, ಜೀಪಿನ ಪಕ್ಕದಿಂದ ನುಸುಳಿ ಹೊರಟುಹೋದ. ಮುಂದಿನ ವರ್ಷವೂ ಅಷ್ಟೇ. ಅದರ ಮುಂದಿನ ವರ್ಷವೂ ಅಷ್ಟೇ. ಆ ಖಣಗಳಿಂದ ಅವ್ವ ಕುಪ್ಪಸ ಹೊಲಿಸಲಿಲ್ಲ. ಧಾರವಾಡಕ್ಕೆ ಹೋಗುವಾಗ ಹೊಲಿಸಿದರಾಯಿತು ಎಂದು ಟ್ರಂಕಿನ ತಳದಲ್ಲಿ ಇಟ್ಟಳು. ಕೆಂಪು, ಹಸಿರು, ನೀಲಿ, ಗಿಣಿಹಸಿರು. ಮಧ್ಯಾಹ್ನ ಅಪ್ಪ ಕೆಲಸಕ್ಕೆ ಹೋದಾಗ ತೆಗೆದು ತೊಡೆಯ ಮೇಲೆ ಹರಡಿಕೊಂಡು ಕೂರುತ್ತಿದ್ದಳು. ನಾನು ಮುಟ್ಟಲು ಹೋದರೆ "ಕೈ ತೊಳಕೊಂಡ ಬಾ," ಎನ್ನುತ್ತಿದ್ದಳು.

ಅಪ್ಪನಿಗೆ ಪೇಟೆಯ ಬಣ್ಣಬಣ್ಣದ ತಂತಿ ಎಂದರೆ ಆಗುತ್ತಿರಲಿಲ್ಲ. ಅವರಿಗೆ ಸೈನ್ಯದ ತಂತಿಯೇ ಬೇಕು. ಹರಾಜಿನಲ್ಲಿ ಸಿಕ್ಕ ದೊಡ್ಡ ಸುರುಳಿಯ ತಂತಿಯೆಲ್ಲ ಒಂದೇ ಖಾಕಿ ಬಣ್ಣ. ದೀಪದ್ದು ಯಾವುದು, ಹಾರ್ನಿನದು ಯಾವುದು, ಡೈನಮೋದಿಂದ ಬಂದದ್ದು ಯಾವುದು ಎಂದು ಗೊತ್ತಾಗದೆ ತಲೆ ಚಿಟ್ಟುಹಿಡಿದು ಒಂದು ದಿನ ತಂತಿ ಕತ್ತರಿಸುವ ಪಕ್ಕಡವನ್ನು ಗೋಡೆಗೆ ಎಸೆದರು. ಅವ್ವ ಒಳಗೆ ಹೋಗಿ, ಟ್ರಂಕು ತೆಗೆದು, ಖಣಗಳನ್ನು ಕತ್ತರಿಸಿ ಬೆರಳಗಲದ ಪಟ್ಟಿ ಮಾಡಿ ತಂದಳು. "ದೀಪಕ್ಕ ಕೆಂಪು ಕಟ್ಟ್ರಿ. ಹಾರ್ನಿಗೆ ಹಸರು. ಲಗೂ ಮುಗೀತದ," ಎಂದಳು. ನಾನು ಅಂದು ಅತ್ತೆ. ಅವ್ವ ಅಳಲಿಲ್ಲ. ಅಪ್ಪ ಒಂದು ಗಳಿಗೆ ಆ ಪಟ್ಟಿಗಳನ್ನು ಹಿಡಿದು ನಿಂತರು, ಆಮೇಲೆ ಬಾನೆಟ್ಟಿನೊಳಗೆ ಬಗ್ಗಿ ಕಟ್ಟತೊಡಗಿದರು. ಆ ವಾರ ನಮ್ಮ ಮನೆಯಲ್ಲಿ ನಿಜವಾಗಿ ಹಬ್ಬ ಬಂದಂತಿತ್ತು. ಅಪ್ಪ ಶಿಳ್ಳೆ ಹಾಕುತ್ತಿದ್ದರು, ಅವ್ವ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು, ತಂತಿಗಳ ಮೇಲೆ ಖಣದ ಚಿಕ್ಕೆಗಳು ಮಿನುಗುತ್ತಿದ್ದವು.

ಗಾಡಿ ಆಗಲೂ ಏಳಲಿಲ್ಲ. ಎಂಜಿನ್ನಿನ ಎಣ್ಣೆ, ಧೂಳು, ಮಳೆಗಾಲದ ಥಂಡಿ ಸೇರಿ ಖಣದ ಬಣ್ಣ ಬಿಟ್ಟುಕೊಂಡು ಎಲ್ಲ ಪಟ್ಟಿಗಳೂ ಒಂದೇ ಕಂದು ಬಣ್ಣಕ್ಕೆ ತಿರುಗಿದವು. ಅಪ್ಪನಿಗೆ ದೂರಲು ಒಂದು ಜಾಗ ಸಿಕ್ಕಿತು. "ನಿಮ್ಮವ್ವನ ಖಣಾ ಬಣ್ಣಾ ಬಿಟ್ಟು ಎಲ್ಲಾ ಕಲಸ್ಯಾಡಿಬಿಡ್ತು," ಎಂದು ನನ್ನ ಮುಂದೆ ಗೊಣಗುತ್ತಿದ್ದರು. ಎಲ್ಲೋ ತಂತಿ ಅದಲುಬದಲಾಗಿದೆ ಎಂದು ಇಡೀ ವೈರಿಂಗು ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ದಸರೆ ಬಂತೆಂದರೆ ಖಂಡೇಪೂಜೆಗೆ ಜೀಪನ್ನು ತೊಳೆದು, ಉಜ್ಜಿ, ಮೈಗೆಲ್ಲ ಹೊಸದಾಗಿ ಹಸಿರು ಬಣ್ಣ ಬಳಿದು, ಚೆಂಡುಹೂವಿನ ಮಾಲೆ ಹಾಕಿ, ಚಕ್ರದಡಿ ನಿಂಬೆಹಣ್ಣು ಇಡುತ್ತಿದ್ದರು. ನಿಂಬೆಹಣ್ಣು ಅಲ್ಲೇ ಒಣಗುತ್ತಿತ್ತು, ಚಕ್ರ ಮುಂದೆ ಉರುಳಿದರಲ್ಲವೇ ಅದು ಒಡೆಯುವುದು? ಬಣ್ಣ ಮಾತ್ರ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತ ಹೋಯಿತು. ಮಾಮಾ ಬರುವುದನ್ನು ನಿಲ್ಲಿಸಿದ. ಖಣ ಅಂಚೆಯಲ್ಲಿ ಬರತೊಡಗಿತು. ಅವ್ವ ಜೀಪಿನ ಬಗ್ಗೆ ಕೇಳುವುದನ್ನು ಬಿಟ್ಟಳು, ಧಾರವಾಡದ ಮಾತು ಆಡುವುದನ್ನೂ ಬಿಟ್ಟಳು.

ಅಜ್ಜಿ ತೀರಿಕೊಂಡ ಸುದ್ದಿ ಬಂದದ್ದು ಒಂದು ಬೆಳಿಗ್ಗೆ, ಪಕ್ಕದ ಮನೆಯ ಫೋನಿಗೆ. ನಾನು ಶಾಲೆಗೆ ಜಡೆ ಹಾಕಿಸಿಕೊಳ್ಳುತ್ತಿದ್ದೆ. ಅವ್ವ ನನ್ನ ಜಡೆಯನ್ನು ಪೂರ್ತಿ ಹೆಣೆದು, ರಿಬ್ಬನ್ ಕಟ್ಟಿ, ಆಮೇಲೆ ಎದ್ದು ಚೀಲದಲ್ಲಿ ಸೀರೆ ತುಂಬಿಕೊಂಡು ಬಂದಳು. ಅಪ್ಪ ಅಷ್ಟರಲ್ಲಿ ಜೀಪಿನ ಹತ್ತಿರ ಹೋಗಿದ್ದರು. "ಈಗ ಚಾಲೂ ಆಗ್ತದ. ಕೂಡು, ಈಗ ಆಗ್ತದ," ಎನ್ನುತ್ತಿದ್ದರು. ಅವ್ವ ಚೀಲ ಹಿಡಿದು ಗ್ಯಾರೇಜಿನ ಕಟ್ಟೆಯ ಮೇಲೆ ಕೂತಳು. ಪಕ್ಕದ ಮನೆಯ ಕಾಕಾ ಗೇಟಿನ ಹತ್ತಿರ ಬಂದು ತಮ್ಮ ಸ್ಕೂಟರಿನ ಮೇಲೆ ಬಸ್‌ಸ್ಟ್ಯಾಂಡಿಗೆ ಬಿಡುತ್ತೇನೆಂದು ಮರಾಠಿಯಲ್ಲಿ ಅಂದರು. ಅಪ್ಪ ತಲೆ ಎತ್ತಲಿಲ್ಲ. ಕೀಲಿ ತಿರುವಿದರು. ಟಕ್. ಮತ್ತೆ ತಿರುವಿದರು. ಎಕ್ಸಿಲರೇಟರಿನ ಕೇಬಲ್ಲು ಕೆಂಪಗೆ ಕಾದು ಹೊಗೆಯಾಡಿತು. ಅಪ್ಪ ಬರಿಗೈಯಲ್ಲಿ ಅದನ್ನು ಹಿಡಿದು ಎಳೆದರು, ಅಂಗೈ ಸುಟ್ಟುಕೊಂಡರು, ಮತ್ತೆ ತಂತಿಗಳನ್ನು ಬಿಚ್ಚತೊಡಗಿದರು. ಅಳುತ್ತಿದ್ದರು. ಅವ್ವ ಕಾಕಾನ ಕಡೆ ನೋಡಿ, ಗಂಡನ ಬೆನ್ನಿನ ಕಡೆ ನೋಡಿ, ಕೂತೇ ಇದ್ದಳು. ಮಧ್ಯಾಹ್ನವಾಯಿತು. ಧಾರವಾಡದಲ್ಲಿ ಎಲ್ಲ ಮುಗಿದಿರುತ್ತದೆ ಎಂದು ಗೊತ್ತಾದ ಮೇಲೆ ಅವಳು ಎದ್ದು ಸ್ನಾನ ಮಾಡಿ, ಅಪ್ಪನ ಅಂಗೈಗೆ ಅರಿಸಿನ ಎಣ್ಣೆ ಹಚ್ಚಿದಳು. ನನಗೆ ಆ ದಿನಕ್ಕಾಗಿ ಅಪ್ಪನ ಮೇಲೆ ಸಿಟ್ಟಿದೆ. ಇವತ್ತಿಗೂ ಇದೆ. ಅವ್ವನ ಮೇಲೂ ಸ್ವಲ್ಪ ಇದೆ.

ಅದಾದ ಮೇಲೆ ಅಪ್ಪನೇ "ಬಸ್ಸಿಗೆ ಹೋಗಿ ಬಾ," ಎಂದು ಎಷ್ಟೋ ಸಲ ಹೇಳಿದರು, ಟಿಕೇಟು ಕೂಡ ತಂದರು. ಈಗ ಅವ್ವನ ಸರದಿ. "ನೀವು ಮಾತ ಕೊಟ್ಟೀರಿ. ಗಾಡಿ ಆಗ್ಲಿ," ಎಂದಳು, ಅಷ್ಟೇ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನಮಗೆ ಭಯವಾಗುತ್ತಿತ್ತು. ಒಬ್ಬರು ಹಾಕಿದ ಬೀಗದ ಕೀಲಿಯನ್ನು ಇನ್ನೊಬ್ಬರು ಬಾವಿಗೆ ಎಸೆದ ಹಾಗಾಯಿತು. ಮಾಮಾ ತೀರಿಕೊಂಡ. ಧಾರವಾಡದ ಮನೆ ಮಾರಿ ಅಲ್ಲಿ ದೊಡ್ಡ ಕಟ್ಟಡ ಎದ್ದಿತು. ಆಮೇಲೆ ಅಪ್ಪನೂ ಹೋದರು, ಕೊನೆಯ ದಸರೆಗೂ ಜೀಪಿಗೆ ಬಣ್ಣ ಬಳಿದೇ ಹೋದರು. ನಿಮ್ಮ ಮನೆಯಲ್ಲೂ ಇಂಥ ಹಟವೊಂದು ಕೋಣೆ ಹಿಡಿದು ಕೂತಿದ್ದರೆ ನಿಮಗೆ ಅರ್ಥವಾಗುತ್ತದೆ. ಅದನ್ನು ತೆಗೆದು ಎಸೆಯಲಾಗುವುದಿಲ್ಲ, ಅದರ ಸುತ್ತ ಓಡಾಡುವುದನ್ನು ಕಲಿತುಬಿಡುತ್ತೇವೆ. ಗುಜರಿಯವನನ್ನು ಕರೆಸಲೇ ಎಂದು ಕೇಳಿದೆ. ಅವ್ವ ಬೇಡವೆಂದಳು. ಹಾಗಾದರೆ ನಾನೇ ಎಬ್ಬಿಸುತ್ತೇನೆ ಎಂದು ಈ ಬೇಸಿಗೆಯಲ್ಲಿ ಕೈಹಾಕಿದೆ.

ಖಣದ ಪಟ್ಟಿಗಳು ಹಾಗೇ ಇದ್ದವು. ಗಂಟು ಬಿಚ್ಚಿದರೆ ಒಳಮಡಿಕೆಯಲ್ಲಿ, ಎಣ್ಣೆ ತಾಗದ ಕಡೆ, ಇನ್ನೂ ಕೆಂಪು, ಇನ್ನೂ ಹಸಿರು. ಒಂದೊಂದನ್ನೇ ಬಿಚ್ಚಿ ನೋಡುತ್ತ, ಪ್ರತಿ ತಂತಿಯನ್ನೂ ತುದಿಯಿಂದ ತುದಿಗೆ ಪರೀಕ್ಷಿಸಿದೆ. ಒಂದೂ ಅದಲುಬದಲಾಗಿರಲಿಲ್ಲ. ಒಣಗಿ ಬಿರಿದವನ್ನು ಬದಲಿಸಿ ಬೆಸುಗೆ ಹಾಕಿದೆ, ಹೊಸ ಬ್ಯಾಟರಿ ಇಟ್ಟೆ. ದೀಪ ಅದೇ ಹಳೆಯ ಚಾಳಿಯಂತೆ ಮಿಣುಕಿ ಆರಿತು. ಕೊನೆಗೆ ಬ್ಯಾಟರಿಯ ಅರ್ಥ್ ತಂತಿ ಗಾಡಿಯ ಮೈಗೆ ಕೂಡುವ ಬೋಲ್ಟನ್ನು ಬಿಚ್ಚಿದೆ. ಅದು ಬರಿಯ ಕಬ್ಬಿಣಕ್ಕೆ ಅಂಟಿಕೊಂಡಿರಬೇಕು. ಇಲ್ಲಿ ನಡುವೆ ಹಸಿರು ಬಣ್ಣ, ಪದರದ ಮೇಲೆ ಪದರ, ಖಂಡೇಪೂಜೆಯ ಮೇಲೆ ಖಂಡೇಪೂಜೆ. ಬಣ್ಣದ ಮೂಲಕ ಕರೆಂಟು ಹಾಯುವುದಿಲ್ಲ, ಅಜ್ಜಿ ತೀರಿಕೊಂಡ ದಿನ ಅದು ಬೇರೆ ದಾರಿ ಸಿಗದೆ ಎಕ್ಸಿಲರೇಟರಿನ ಕೇಬಲ್ಲಿಗೆ ನುಗ್ಗಿತ್ತು. ವರ್ಕ್‌ಶಾಪಿನಲ್ಲಿ ಬೇರೆಯವರ ಗಾಡಿಯಾಗಿದ್ದರೆ ಅಪ್ಪ ಮೊದಲು ನೋಡುತ್ತಿದ್ದುದೇ ಆ ಬೋಲ್ಟು. ತಮ್ಮ ಗಾಡಿಯ ಬಣ್ಣವನ್ನು ಕೆರೆಯಲು ಅವರಿಗೆ ಮನಸ್ಸೇ ಬರಲಿಲ್ಲವೇನೋ. ನಾನು ಚಾಕುವಿನಿಂದ ಕೆರೆದೆ. ಕಬ್ಬಿಣ ಹೊಳೆಯುವ ತನಕ ಕೆರೆದು, ಬೋಲ್ಟು ಬಿಗಿದು, ಸ್ವಿಚ್ಚು ಹಾಕಿದೆ. ದೀಪ ಹತ್ತಿತು, ಹತ್ತಿಯೇ ಇತ್ತು. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಏನು ಕೆಟ್ಟಿತ್ತು ಎಂದು ಕೇಳಿದಳು. ಕೆರೆದ ಬಣ್ಣದ ಚೂರನ್ನು ಅವಳ ಅಂಗೈಯಲ್ಲಿ ಇಟ್ಟು ತೋರಿಸಿದೆ.

"ಇಷ್ಟಽ?" ಎಂದಳು.

"ಇಷ್ಟ, ಅವ್ವಾ. ನಿನ್ನ ಖಣದ್ದೇನೂ ತಪ್ಪಿರಲಿಲ್ಲ."

ಅವಳು ಆ ಚೂರನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು.

ಎಂಜಿನ್ನು, ಟೈರು, ಬ್ರೇಕು ಎಲ್ಲ ಮೆಕ್ಯಾನಿಕ್ಕಿನಿಂದ ಸರಿಮಾಡಿಸಿದ ಮೇಲೆ, ಈ ಪಂಚಮಿಯ ಹಿಂದಿನ ದಿನ ಜೀಪು ಬೀದಿಗೆ ಇಳಿಯಿತು. ನೆರೆಯವರೆಲ್ಲ ಹೊರಗೆ ಬಂದು ನೋಡಿದರು. ಅವ್ವ ಇಳಕಲ್ ಸೀರೆ ಉಟ್ಟು, ಚೀಲ ಹಿಡಿದು, ನನ್ನ ಪಕ್ಕದ ಸೀಟಿನಲ್ಲಿ ಕೂತಳು. ಧಾರವಾಡದ ತನಕ ನಾನೇ ಓಡಿಸುವುದೆಂದು ರಜೆ ಹಾಕಿದ್ದೆ, ಟ್ಯಾಂಕು ತುಂಬಿಸಿದ್ದೆ. ಹೆದ್ದಾರಿಯ ಹತ್ತಿರ ಬಂದಾಗ ಅವಳು ನನ್ನ ಮೊಣಕೈ ಮುಟ್ಟಿದಳು. "ಸ್ವಾರಗೇಟ್ ಸ್ಟ್ಯಾಂಡಿಗೆ ಬಿಡು. ನಾ ಬಸ್ಸಿಗೆ ಹೋಗ್ತೀನಿ."

"ಅವ್ವಾ, ಗಾಡಿ ಆಗ್ಯದಲ್ಲಾ?"

"ಆಗ್ಯದ. ನಿಮ್ಮಪ್ಪನ ಮಾತ ಮುಗೀತು. ಇನ್ನ ನನ್ನ ಮನಸಿಗೆ ಬಂದಂಗ ಹೋಗ್ತೀನಿ."

ನಾನೂ ಬರುತ್ತೇನೆ ಎಂದೆ. ಬೇಡವೆಂದಳು. ಅಲ್ಲಿ ಮನೆಯಿಲ್ಲ, ಯಾರೂ ಇಲ್ಲ, ಎಲ್ಲಿಗೆ ಹೋಗುತ್ತೀ ಎಂದೆ. "ಸ್ಟ್ಯಾಂಡಿನ್ಯಾಗ ಇಳೀತೀನಿ. ಮನೀ ಇದ್ದ ಓಣಿ ತನಕಾ ನಡದು ಹೋಗಿ ನೋಡ್ತೀನಿ. ರಾತ್ರಿಗೆ ಹುಬ್ಬಳ್ಳ್ಯಾಗ ಮಾಮಾನ ಮಗಳ ಮನಿ ಅದ," ಎಂದಳು. ಎಲ್ಲ ಯೋಚಿಸಿಟ್ಟುಕೊಂಡಿದ್ದಳು, ಯಾವಾಗಿನಿಂದಲೋ. ಬಸ್ಸು ಹತ್ತಿಸಿ ಕಿಟಕಿಯ ಕೆಳಗೆ ನಿಂತೆ. ಅವಳು ನನ್ನ ಕಡೆ ನೋಡುತ್ತಿರಲಿಲ್ಲ. ಕಂಡಕ್ಟರು ಬಂದು ಎಲ್ಲಿಗೆ ಎಂದು ಕೇಳಿದ. ಅವ್ವ ಬೆನ್ನು ನೆಟ್ಟಗೆ ಮಾಡಿ, ಇಡೀ ಬಸ್ಸಿಗೆ ಕೇಳುವಂತೆ "ಧಾರವಾಡ," ಎಂದಳು. ನಾನು ಅವಳ ಮಗಳು, ತಲೆ ನರೆತವಳು. ನಮ್ಮವ್ವ ತಾನು ಎಲ್ಲಿಗೆ ಹೋಗಬೇಕೆಂದು ಬಾಯಿಬಿಟ್ಟು ಹೇಳಿದ್ದನ್ನು ಅಂದೇ ಮೊದಲು ಕೇಳಿದೆ.